ಬಿಎಂಎಕ್ಸ್‌ಗೆ ಮಿಡ್ ಬಿಬಿ ಹಾಕಿಸೋದಾ, ಸ್ಪ್ಯಾನಿಷ್ ಹಾಕಿಸೋದಾ? ಯಾವುದು ಗಟ್ಟಿ?

ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್, ಪೆಡಲ್‌ಗಳ ಅಚ್ಚು ತಿರುಗುವ ಬೇರಿಂಗ್ ಜೋಡಣೆ; ಮಿಡ್, ಸ್ಪ್ಯಾನಿಷ್ ಅದರ ಎರಡು ಅಳತೆಗಳು. ಸೆಕೆಂಡ್‌ಹ್ಯಾಂಡ್ ಬಿಎಂಎಕ್ಸ್ (ಜಂಪ್ ಮಾಡುವ ಸಣ್ಣ ಸೈಕಲ್), ಉಡುಪಿಯ ಮಳೆ, ಅಲ್ಲಾಡುವ ಕ್ರ್ಯಾಂಕ್ (ಪೆಡಲ್ ಹಿಡಿಯುವ ತೋಳು). ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೆಯ ಸೈಕಲ್ ಕಣ್ಣ ಮುಂದೆ ಬಂತು.

ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ ಅದನ್ನು ಮಾರಿದ್ದ. ಮಂಗಳೂರಿಗೆ ತಂದು ಇಡೀ ಮಳೆಗಾಲ ಓಡಿಸಿದೆ. ಪಣಂಬೂರಿನ ಮರಳಲ್ಲೂ ಬಿಡಲಿಲ್ಲ. ಚೌತಿ ಹೊತ್ತಿಗೆ ಪೆಡಲ್ ತುಳಿದಾಗೆಲ್ಲ ಕಟ್ ಕಟ್ ಸದ್ದು. ಕ್ರ್ಯಾಂಕ್ ಬಿಚ್ಚಿ ಒಂದು ಬೇರಿಂಗ್ ಹೊರಗೆ ತೆಗೆದೆ ನೋಡಿ, ಬಿಬಿ ಶೆಲ್‌ನಿಂದ, ಅಂದರೆ ಫ್ರೇಮ್‌ನಲ್ಲಿ ಬೇರಿಂಗ್ ಕೂರುವ ಕೊಳವೆಯಿಂದ, ಕೆಂಪು ನೀರು ಸುರಿಯಿತು. ಅದರ ಹಿಂದೆಯೇ ತುಕ್ಕು ತಿಂದ ಒಂದು ಪೈಪಿನ ತುಂಡು. ಅಂಚು ಒಂದು ಕಡೆ ಜಜ್ಜಿಹೋಗಿತ್ತು.

ಬೇರಿಂಗ್ ಹುಡುಕಿಕೊಂಡು ಬಂದರಿನ ಅಂಗಡಿಗಳಿಗೆಲ್ಲ ಹೋದೆ. ಸಿಗಲಿಲ್ಲ. ಸಿಗುವುದೂ ಇಲ್ಲ. ಅಂಗಡಿಯ ಸಾಮಾನ್ಯ ಬೇರಿಂಗ್‌ಗಳಲ್ಲಿ 17 ಎಂಎಂ ಒಳತೂತಿನ ಮುಂದಿನದು ನೇರ 20. ನನ್ನ ಸ್ಪಿಂಡಲ್, ಅಂದರೆ ಎರಡು ಕ್ರ್ಯಾಂಕ್ ಸೇರಿಸುವ ಅಚ್ಚು, 19. ಆನ್‌ಲೈನ್‌ನಲ್ಲಿ ಬೇರಿಂಗ್ ಮಾತ್ರ ತರಿಸಿದೆ. ಆ ಪೈಪ್ ಬೇಕಾ ಅಂತ ಒಂದು ಸೈಕಲ್ ಅಂಗಡಿಯಲ್ಲಿ ಕೇಳಿದೆ. 'ಅದು ಧೂಳಿಗೆ ಅಡ್ಡ ಅಷ್ಟೇ, ಇಲ್ಲದಿದ್ದರೂ ನಡೆಯುತ್ತದೆ' ಅಂದರು. ನಂಬಿದೆ. ಪೈಪ್ ಇಲ್ಲದೆ ಎರಡೂ ಬೇರಿಂಗ್ ಕೂರಿಸಿ ಕ್ರ್ಯಾಂಕ್ ಬಿಗಿ ಮಾಡಿದೆ. ಆ ಫ್ರೇಮ್ ಹೋದದ್ದು ಇದೊಂದರಿಂದ.

ಆ ಪೈಪ್ ಏನು ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಬೇರಿಂಗ್‌ಗೆ ಎರಡು ಬಳೆ. ಹೊರಬಳೆ ಫ್ರೇಮ್‌ನಲ್ಲಿ ಕೂತಿರುತ್ತದೆ, ಒಳಬಳೆ ಸ್ಪಿಂಡಲ್ ಜೊತೆ ತಿರುಗುತ್ತದೆ. ಕ್ರ್ಯಾಂಕ್ ಬೋಲ್ಟ್ ಬಿಗಿ ಮಾಡಿದಾಗ ಎರಡೂ ಕಡೆಯ ಒಳಬಳೆಗಳು ಒಳಕ್ಕೆ ಒತ್ತಲ್ಪಡುತ್ತವೆ. ನಡುವೆ ಪೈಪ್ ಇದ್ದರೆ ಒಂದು ಒಳಬಳೆಯ ಒತ್ತಡ ಪೈಪಿನ ಮೂಲಕ ಇನ್ನೊಂದಕ್ಕೆ ಹೋಗಿ ನಿಲ್ಲುತ್ತದೆ. ಗುಂಡುಗಳಿಗೆ ಏನೂ ಆಗುವುದಿಲ್ಲ. ಪೈಪ್ ಇಲ್ಲದಿದ್ದರೆ, ಅಥವಾ ಒಂದು ಚೂರು ಗಿಡ್ಡ ಇದ್ದರೂ, ಒಳಬಳೆ ಒಳಕ್ಕೆ ಸರಿಯುತ್ತದೆ, ಹೊರಬಳೆ ಇದ್ದಲ್ಲೇ ಇರುತ್ತದೆ. ನಡುವಿನ ಗುಂಡುಗಳು ಅಡ್ಡಕ್ಕೆ ಸಿಕ್ಕಿ ಅರೆಯುತ್ತವೆ. ಪೈಪ್ ಉದ್ದ ಆದರೂ ಕಷ್ಟ, ಬೇರಿಂಗ್ ಶೆಲ್ ಒಳಗಿನ ತನ್ನ ಮೆಟ್ಟಿಲವರೆಗೆ ಹೋಗಿ ಕೂರುವುದೇ ಇಲ್ಲ.

ನನಗೆ ಆಗಿದ್ದೂ ಅದೇ. ಬಿಗಿ ಮಾಡಿದರೆ ಕ್ರ್ಯಾಂಕ್ ತಿರುಗುವುದಿಲ್ಲ, ಸಡಿಲ ಮಾಡಿದರೆ ಅಲ್ಲಾಡುತ್ತದೆ. ನಡುವೆ ಎಲ್ಲೋ ನಿಲ್ಲಿಸಿ ಓಡಿಸಿದೆ. ಕೆಲವೇ ವಾರದಲ್ಲಿ ಬೇರಿಂಗ್ ಕಚ್ಚಿಕೊಂಡಿತು. ಒಳಗೆ ತಿರುಗಲಾಗದೆ ಹೊರಬಳೆಯೇ ಫ್ರೇಮ್ ಒಳಗೆ ತಿರುಗಲು ಶುರುವಾಯಿತು. ಮತ್ತೊಂದು ಜೊತೆ ತರಿಸಿ ಹಾಕಲು ಹೋದರೆ ಹೆಬ್ಬೆರಳಲ್ಲಿ ಒತ್ತಿದ್ದಕ್ಕೇ ಬೇರಿಂಗ್ ಸರಕ್ ಅಂತ ಒಳಗೆ ಹೋಯಿತು. ಬಿಗಿಯಾಗಿ ಕೂರಬೇಕಾದ ಜಾಗ ಸವೆದುಹೋಗಿತ್ತು. ಅಂಥ ಫ್ರೇಮ್ ಇಟ್ಟುಕೊಂಡು ಜಂಪ್ ಮಾಡುವಂತಿಲ್ಲ, ಅಲ್ವಾ?

ಈಗ ನಿಮ್ಮ ಪ್ರಶ್ನೆ. ಮಿಡ್ಡೋ ಸ್ಪ್ಯಾನಿಷ್ಷೋ ಅನ್ನುವುದು ನೀವು ಆರಿಸುವ ವಿಷಯವೇ ಅಲ್ಲ ಮಾರಾಯ್ರೇ. ಫ್ರೇಮ್ ಮಾಡಿದವರು ಅದನ್ನು ಆಗಲೇ ಆರಿಸಿಯಾಗಿದೆ. ಶೆಲ್ ಒಳಗೆ ಮರೆ, ಅಂದರೆ ಥ್ರೆಡ್ ಇದ್ದರೆ ಅದು ಯೂರೋ. ಥ್ರೆಡ್ ಇಲ್ಲದೆ ಒಳಅಳತೆ ಸುಮಾರು 51 ಎಂಎಂ ಇದ್ದರೆ ಅಮೆರಿಕನ್, 41 ಇದ್ದರೆ ಮಿಡ್, 37 ಇದ್ದರೆ ಸ್ಪ್ಯಾನಿಷ್. ಒಂದು ವರ್ನಿಯರ್ (ಅಳತೆಯ ಸಾಧನ) ಹಿಡಿದರೆ ಮುಗಿಯಿತು. ಅಮೆರಿಕನ್ ಶೆಲ್‌ಗೆ ಅಡಾಪ್ಟರ್ ಹಾಕಿ ಸಣ್ಣದಕ್ಕೆ ಇಳಿಸಬಹುದು. ಸ್ಪ್ಯಾನಿಷ್ ಶೆಲ್‌ನಲ್ಲಿ ಮಿಡ್ ಬೇರಿಂಗ್ ಕೂರಿಸಲು ದಾರಿಯೇ ಇಲ್ಲ. ಯೂರೋ ಆಗಿದ್ದರೆ ಒಂದು ಎಚ್ಚರಿಕೆ: ಬಲಗಡೆಯ ಕಪ್‌ನದು (ಬೇರಿಂಗ್ ಹಿಡಿಯುವ ಬಟ್ಟಲು) ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಜೋರು ಮಾಡಿದರೆ ಥ್ರೆಡ್ ಹಾಳು.

19 ಎಂಎಂ ಸ್ಪಿಂಡಲ್‌ಗಿಂತ 22 ಒಳ್ಳೆಯದು ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಸ್ಪಿಂಡಲ್ ದಪ್ಪ ಆದಷ್ಟು ಗಟ್ಟಿ, ಹೌದು. ಆದರೆ ಹೊರಬಳೆ ಅಷ್ಟೇ ಇರುವುದರಿಂದ ಒಳಗಿನ ಗುಂಡುಗಳಿಗೆ ಜಾಗ ಕಡಿಮೆ. ಸ್ಪ್ಯಾನಿಷ್‌ನಲ್ಲಿ 22 ಹಾಕಿದರೆ ಗುಂಡುಗಳು ಚಿಕ್ಕವಾಗುತ್ತವೆ. ಸುಮ್ನೆ ಈಗಿರುವ ಕ್ರ್ಯಾಂಕ್‌ನ ಅಳತೆಗೇ ತಗೊಳ್ಳಿ. ಉಳಿಯುವ ದುಡ್ಡನ್ನು ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್‌ಗೆ, ಬೋಟಿನವರು ಹಾಕುವ ಮರೈನ್ ಗ್ರೀಸ್‌ಗೆ ಹಾಕಿ. ನಮ್ಮ ಕರಾವಳಿಯಲ್ಲಿ ಬೇರಿಂಗನ್ನು ಕೊಲ್ಲುವುದು ಜಂಪ್‌ಗಿಂತ ಜಾಸ್ತಿ ನೀರು ಮತ್ತು ಉಪ್ಪು. ಮಳೆನೀರು ಸೀಟ್ ಪೋಸ್ಟ್ ಸಂದಿಯಿಂದ ಇಳಿದು ನೇರ ಬಿಬಿ ಶೆಲ್‌ಗೆ ಬಂದು ನಿಲ್ಲುತ್ತದೆ. ಮಳೆಯಲ್ಲಿ ಓಡಿಸಿದ ದಿನ ಸೀಟ್ ತೆಗೆದು ಸೈಕಲ್ ತಲೆಕೆಳಗೆ ಇಡಿ. ಮಲ್ಪೆ ಮರಳಿಗೆ ಇಳಿಸಿದರೆ ಮಾಮೂಲಿ ಪೈಪ್ ನೀರಲ್ಲಿ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡವೇ ಬೇಡ, ಅದು ಸೀಲ್ ದಾಟಿಸಿ ನೀರು ನುಗ್ಗಿಸುತ್ತದೆ.

ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಹಾರ್ಡ್‌ವೇರ್ ಅಂಗಡಿಯಿಂದ ಉದ್ದದ ಬೋಲ್ಟ್, ನಟ್, ದೊಡ್ಡ ವಾಷರ್ ತನ್ನಿ. ಒಂದು ಬೇರಿಂಗ್ ಕೂರಿಸಿ, ಪೈಪ್ ಇಟ್ಟು, ಆಮೇಲೆ ಇನ್ನೊಂದನ್ನು ನಿಧಾನ ಎಳೆದುಕೊಳ್ಳಿ. ವಾಷರ್ ಹೊರಬಳೆಯನ್ನೇ ಒತ್ತಬೇಕು.

ಪೈಪ್ ಸಮೇತ ಬರುವ ಪೂರ್ತಿ ಕಿಟ್ಟೇ ತರಿಸಿ. ಆದರೂ ಒಂದೊಂದು ಫ್ರೇಮ್‌ಗೆ ಪೈಪಿನ ಉದ್ದ ಬೇರೆ. ನಿಮ್ಮದರಲ್ಲಿರುವ ಹಳೆಯದು ಜಜ್ಜಿರದಿದ್ದರೆ ಅದನ್ನೇ ಅಳೆದು ಹೋಲಿಸಿ. ಹೊಂದದಿದ್ದರೆ ಫ್ರೇಮ್ ಮತ್ತು ಬೇರಿಂಗ್ ಎರಡನ್ನೂ ಹೊತ್ತುಕೊಂಡು ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲೋ ಬೈಕಂಪಾಡಿಯಲ್ಲೋ ಲೇಥ್ ಇಟ್ಟವರ ಹತ್ತಿರ ಹೋಗಿ. ಬೇರಿಂಗ್ ಕೂರುವ ಎರಡು ಮೆಟ್ಟಿಲುಗಳ ನಡುವಿನ ಅಳತೆ ತೋರಿಸಿದರೆ ಅಲ್ಯುಮಿನಿಯಂನಲ್ಲಿ ಕಡೆದು ಕೊಡುತ್ತಾರೆ.