ಹಳೇ ಎಂಬಾಸರ್‌ನಲ್ಲಿ (ಬ್ರೈಲ್ ಚುಕ್ಕಿ ಒತ್ತುವ ಪ್ರಿಂಟರ್) ಕನ್ನಡ ಬ್ರೈಲ್ ಕಸವಾಗಿ ಬರುತ್ತಿದೆ, ಹೊಸ ಯಂತ್ರ ತಗೊಳ್ಳಬೇಕೇ?

ಬೇಡ. ಸೀರಿಯಲ್ ಪೋರ್ಟಿನ ಹಳೇ ಯಂತ್ರ, ಹೊಸ ಲ್ಯಾಪ್‌ಟಾಪ್, ನಡುವೆ ಕನ್ನಡ ಪಾಠ: ಈ ತಲೆನೋವು ನನಗೂ ಗೊತ್ತು. ಆದರೆ ‘ಕನ್ನಡ ಬರುವ ಎಂಬಾಸರ್’ ಅಂತ ಹುಡುಕುವುದೇ ತಪ್ಪು ದಾರಿ. ಎಂಬಾಸರ್‌ಗೆ ಯಾವ ಭಾಷೆಯೂ ಬರಬೇಕಿಲ್ಲ. ಆರು ಚುಕ್ಕಿಗಳ 64 ಜೋಡಣೆಗೂ (ಒಂದೊಂದೂ ಒಂದು ಸೆಲ್) ಬ್ರೈಲ್ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ 32ರಿಂದ 95ರವರೆಗಿನ ಒಂದೊಂದು ಸಂಖ್ಯೆ ಇದೆ. ಹಳೇ ಯಂತ್ರಕ್ಕೆ ಅರ್ಥವಾಗುವುದು ಅಷ್ಟೇ.

ನೀವು ಕಳಿಸುತ್ತಿರುವುದು ಬಹುಶಃ ಯೂನಿಕೋಡ್ ಬ್ರೈಲ್, ಅಂದರೆ ಚುಕ್ಕಿಗಳನ್ನೇ ಅಕ್ಷರವಾಗಿ ಬರೆಯುವ ಬೇರೆ ಸಂಕೇತ. ಪರದೆಯ ಮೇಲೆ ಚುಕ್ಕಿಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಹಾಗಾಗಿ ಯಾರಿಗೂ ಫೈಲ್ ಮೇಲೆ ಅನುಮಾನ ಬರುವುದಿಲ್ಲ. ಆದರೆ ಅದನ್ನು ಫೈಲಿಗೆ ಬರೆಯುವ ಯುಟಿಎಫ್-8 ವಿಧಾನದಲ್ಲಿ ಒಂದು ಸೆಲ್ ಅಂದರೆ ಮೂರು ಬೈಟ್: 226, 160, ಆಮೇಲೆ 128ರಿಂದ 191ರೊಳಗೆ ಒಂದು. 7 ಬಿಟ್‌ಗೆ ಹೊಂದಿಸಿದ ಯಂತ್ರ ಪ್ರತಿ ಬೈಟ್‌ನಿಂದಲೂ 128 ಕಳೆದುಬಿಡುತ್ತದೆ. 226 ಹೋಗಿ 98, ಅಂದರೆ ಇಂಗ್ಲಿಷಿನ ಬಿ, ಬ್ರೈಲ್‌ನಲ್ಲಿ 1-2 ಚುಕ್ಕಿ. 160 ಹೋಗಿ 32, ಖಾಲಿ ಜಾಗ. ಮೂರನೆಯದು ಇನ್ನೂ ಕೆಟ್ಟದ್ದು. ಭಾರತೀಯ ಭಾಷೆಗಳ ಭಾರತಿ ಬ್ರೈಲ್‌ನ ‘ಇ’ (2, 4ನೇ ಚುಕ್ಕಿ) ಆಗ 10 ಆಗುತ್ತದೆ, ಅದು ಹೊಸ ಸಾಲಿನ ಆಜ್ಞೆ. ‘ಮ’ (1-3-4) ಆಗುವುದು 13, ಸಾಲಿನ ಮೊದಲಿಗೆ ಹೋಗು ಅಂತ. ‘ಐ’ (3-4) ಬಂದರೆ 12, ಹಾಳೆಯೇ ಹೊರಗೆ! ಹಾಳೆ ತುಂಬ 1-2 ಚುಕ್ಕಿಯ ಸೆಲ್, ಗುಡಿಸು ಬಂದಲ್ಲೆಲ್ಲ ಸಾಲು ಮುರಿತ ಕೈಗೆ ಸಿಕ್ಕರೆ ಕಾಯಿಲೆ ಇದೇ. ದಯವಿಟ್ಟು ಯಂತ್ರದ ಚುಕ್ಕಿ ಒತ್ತುವ ಹೆಡ್ ಬಿಚ್ಚಬೇಡಿ.

ಡಕ್ಸ್‌ಬರಿಯಂಥ ಬ್ರೈಲ್ ಅನುವಾದ ತಂತ್ರಾಂಶ ಇದ್ದರೆ ಬಿಆರ್‌ಎಫ್ (ಬ್ರೈಲ್ ಆಸ್ಕಿಯ ಫೈಲ್) ಆಗಿ ಉಳಿಸಿ. ಲಿಬ್‌ಲೂಯಿ ಎಂಬ ಬ್ರೈಲ್ ಅನುವಾದಕ ಬಳಸುವವರು ಕನ್ನಡ ಟೇಬಲ್ ಜೊತೆಗೆ ಬಿಆರ್‌ಎಫ್ ಡಿಸ್‌ಪ್ಲೇ ಟೇಬಲ್ ಕೊಡಬೇಕು. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ‘ಕನ್ನಡ’ ಎಂಬುದು ಕೆ, @, ಎನ್, ಎನ್, $ ಎಂದು ಕಾಣುತ್ತದೆ. ಅದೇ ಸರಿ, ‘ತಿದ್ದಲು’ ಹೋಗಬೇಡಿ. 11.5 ಇಂಚು ಅಗಲ, 11 ಇಂಚು ಉದ್ದದ ಹಾಳೆಗೆ ಸಾಲಿಗೆ 40 ಸೆಲ್, ಪುಟಕ್ಕೆ 25 ಸಾಲು ಇಟ್ಟುಕೊಳ್ಳಿ. ಯಂತ್ರದ ಮೆನುವಿನಲ್ಲಿ ಅದರದೇ ಅನುವಾದವನ್ನು ಆಫ್ ಮಾಡಿ, ಇಲ್ಲದಿದ್ದರೆ ಆಗಲೇ ಬ್ರೈಲ್ ಆಗಿರುವುದನ್ನು ಇಂಗ್ಲಿಷ್ ಅಂದುಕೊಂಡು ಮತ್ತೆ ಸಂಕ್ಷೇಪಿಸುತ್ತದೆ.

ನೋಟ್‌ಪ್ಯಾಡ್‌ನಿಂದಲೇ ಪ್ರಿಂಟ್ ಕೊಡಬೇಡಿ, ಅಂಚು, ತಲೆಬರಹ ಎಲ್ಲ ತಾನೇ ಸೇರಿಸುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಆಜ್ಞೆಗೆ /ಬಿ ಹಚ್ಚಿ ನೇರ ಕಾಮ್ (ಸೀರಿಯಲ್) ಪೋರ್ಟ್‌ಗೆ ಕಳಿಸಿ. ಯುಎಸ್‌ಬಿ ಅಡಾಪ್ಟರ್ ಕಾಮ್ 10 ಅಥವಾ ಅದಕ್ಕೂ ಮೇಲಿನ ಸಂಖ್ಯೆ ಹಿಡಿದು ಕೂತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೆಳಗಿಳಿಸಿ. ವೇಗ, ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎರಡೂ ಕಡೆ ಒಂದೇ ಇರಲಿ.

ಎಲ್ಲ ಸಾಲಿನ ನಡುವೆಯೂ ಒಂದು ಖಾಲಿ ಸಾಲು ಬಂದರೆ ಯಂತ್ರದ ಆಟೋ ಲೈನ್‌ಫೀಡ್ ತೆಗೆಯಿರಿ. ಮೊದಲ ಸಾಲಿನ ತಲೆಯಲ್ಲಿ ಮಾತ್ರ ಕಸ ಇದ್ದರೆ ಫೈಲಿಗೆ ಬಿಒಎಂ (ಯೂನಿಕೋಡ್ ಫೈಲಿನ ತಲೆಯ ಗುರುತು ಬೈಟ್‌ಗಳು) ಅಂಟಿದೆ, ಆಸ್ಕಿಯಾಗಿ ಉಳಿಸಿ. ಶುರುವಿನಲ್ಲಿ ಸರಿಯಿದ್ದು ಆಮೇಲೆ ಅಕ್ಷರ ನುಂಗಿದರೆ ಬಫರ್ ತುಂಬಿದ್ದು ಕಂಪ್ಯೂಟರ್‌ಗೆ ತಿಳಿಯುತ್ತಿಲ್ಲ: ಕೇಬಲ್‌ನಲ್ಲಿ ಬಹುಶಃ ಮೂರೇ ತಂತಿ ಇದೆ. ‘ನಿಲ್ಲು, ಕಳಿಸು’ ಸೂಚನೆ ಒಯ್ಯುವ ಆರ್‌ಟಿಎಸ್, ಸಿಟಿಎಸ್ ತಂತಿ ಇರುವ ಕೇಬಲ್ ತನ್ನಿ, ಅಥವಾ ಅದೇ ಸೂಚನೆಯನ್ನು ಅಕ್ಷರಗಳಲ್ಲಿ ಕಳಿಸುವ ಎಕ್ಸ್-ಆನ್, ಎಕ್ಸ್-ಆಫ್ ಎರಡೂ ಕಡೆ ಹಾಕಿ.