ಪಕ್ಕದ ಮನೆಯ ತಗಡಿನ ನೀರು ನಮ್ಮ ಗೋಡೆಗೆ ಬೀಳುತ್ತಿದೆ, ಬೆಳಗಾವಿಯಲ್ಲಿ ಯಾರ ಹತ್ತಿರ ಹೋಗಬೇಕು?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮ ಹಳೆಯ ಅಡುಗೆಮನೆಯ ಗೋಡೆ ಕಣ್ಣ ಮುಂದೆ ಬಂತು. ನೀವು ಬರೆದಿರುವುದು ಇಷ್ಟು: ಅನಗೋಳದಲ್ಲಿ ಮೂರು ವರ್ಷದ ಹಿಂದೆ ಮನೆ ಕೊಂಡಿರಿ. ಹೋದ ವರ್ಷ ಪಕ್ಕದವರು ಹಿತ್ತಲಲ್ಲಿ ತಗಡಿನ ಶೆಡ್ ಹಾಕಿದರು. ಅದರ ಅಂಚು ನಿಮ್ಮ ಕಂಪೌಂಡ್ ದಾಟಿ ಒಂದು ಗೇಣು ಒಳಗೆ ಬಂದಿದೆ, ಮಳೆ ನೀರೆಲ್ಲ ನಿಮ್ಮ ಗೋಡೆಗೆ. ಆ ಶೆಡ್‌ನಲ್ಲೇ ವೆಲ್ಡಿಂಗ್ ಕೆಲಸ, ರಾತ್ರಿ ಹನ್ನೊಂದರವರೆಗೆ ಗ್ರೈಂಡರ್ ಸದ್ದು. ಒಂದು ಕಚೇರಿಗೆ ಹೋದರೆ ಪೊಲೀಸರ ಹತ್ತಿರ ಹೋಗಿ ಅಂದರು, ಅಲ್ಲಿ ಹೋದರೆ ಇದು ಸಿವಿಲ್ ಮ್ಯಾಟರ್ ಅಂದರು.

ನಿಮ್ಮನ್ನು ಅಲೆದಾಡಿಸಿದ್ದು ತಪ್ಪು. ಆದರೆ ಅದಕ್ಕೊಂದು ಕಾರಣವೂ ಇದೆ. ನಿಮಗೆ ಇದು ಒಂದೇ ಜಗಳ, ಕಾನೂನಿನ ಕಣ್ಣಿಗೆ ಮೂರು. ಜಾಗ ಯಾರದು ಅನ್ನುವುದು ಸರ್ವೆ ಇಲಾಖೆ ಮತ್ತು ಸಿವಿಲ್ ಕೋರ್ಟಿನ ವಿಷಯ. ಶೆಡ್ ಕಟ್ಟಿದ್ದು ಸರಿಯೋ ತಪ್ಪೋ ಅನ್ನುವುದು ಪಾಲಿಕೆಯದು. ರಾತ್ರಿ ಸದ್ದು ಪೊಲೀಸರದು. ಮೂರನ್ನೂ ಸೇರಿಸಿ ಒಂದೇ ಅರ್ಜಿ ಬರೆದರೆ, ಓದಿದವರು ತಮ್ಮದಲ್ಲದ ಸಾಲನ್ನು ತೋರಿಸಿ ವಾಪಸ್ ಕಳಿಸುತ್ತಾರೆ. ನಮಗೂ ಹಾಗೇ ಆಗಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ವಡಗಾವಿ. ಅಜ್ಜನ ಕಾಲದ ಹಂಚಿನ ಮನೆ, ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್. ಪಕ್ಕದ ಮನೆಯವರು ಹಂಚು ತೆಗೆದು ತಗಡು ಹಾಕಿದ ವರ್ಷದಿಂದ ಕಥೆ ಶುರುವಾಯಿತು. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹಂಚಿನಿಂದ ನೀರು ಹನಿಹನಿಯಾಗಿ ಇಳಿಯುತ್ತದೆ, ತಗಡಿನಿಂದ ಧಾರೆಯಾಗಿ ಧುಮುಕುತ್ತದೆ. ಎರಡು ಮನೆ ನಡುವಿನ ಸಂದಿಯಲ್ಲಿ ಆ ಧಾರೆ ನೆಲಕ್ಕೆ ಬಡಿದು ನಮ್ಮ ಗೋಡೆಗೆ ಸಿಡಿಯುತ್ತಿತ್ತು. ಆಗಸ್ಟ್ ಹೊತ್ತಿಗೆ ಸುಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು. ಅಕ್ಕಿ ಡಬ್ಬಿ ಸರಿಸಿದರೆ ಅದರ ಹಿಂದೆ ಬೂಷ್ಟು. ಅವ್ವ ಪ್ರತಿ ವಾರ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸುತ್ತಿದ್ದಳು.

ಎರಡು ಮಳೆಗಾಲ ಗೋಡೆ ಮೇಲಿನ ಜಗಳದಲ್ಲೇ ಹೋದವು. ಅಪ್ಪ "ಕಾಕಾ, ನಿಮ್ಮ ತಗಡು ನಮ್ಮ ಜಾಗದಾಗ ಬಂದೈತಿ" ಅನ್ನುವುದು. ಆ ಕಾಕಾ "ಜಾಗ ಯಾರದು ಅಂತ ಮೊದಲ ತೋರಸ್ರಿ" ಅನ್ನುವುದು. ಸಂದಿ ಪೂರ್ತಿ ನಮ್ಮದು ಅಂತ ಅಜ್ಜ ಹೇಳಿದ್ದರು, ನಾವು ನಂಬಿದ್ದೆವು. ತೋರಿಸಲು ಕಾಗದ ಮಾತ್ರ ಇರಲಿಲ್ಲ. ಕೊನೆಗೆ ಸಿಟಿ ಸರ್ವೆ ಆಫೀಸಿನಲ್ಲಿ ಅರ್ಜಿ ಕೊಟ್ಟು ಅಳತೆ ಮಾಡಿಸಿದೆವು. ಸಂದಿಯಲ್ಲಿ ಒಂಬತ್ತು ಇಂಚು ಅವರದೇ ಆಗಿತ್ತು. ಅವರ ತಗಡು ನಿಜವಾಗಿ ನಮ್ಮ ಕಡೆ ದಾಟಿದ್ದು ನಾಲ್ಕೇ ಇಂಚು. ಟೇಪ್ ಹಿಡಿದು ನಿಂತಿದ್ದ ಅಪ್ಪ ಏನೂ ಮಾತಾಡಲಿಲ್ಲ. ಕಾಕಾ ಕೂಡ ಸುಮ್ಮನಾದರು, ಯಾಕೆಂದರೆ ನಾಲ್ಕು ಇಂಚಾದರೂ ದಾಟಿದ್ದು ದಾಟಿದ್ದೇ.

ಹಾಗಾಗಿ ನೀವೂ ಮೊದಲು ಅಳತೆ ಮಾಡಿಸಿ. ಊರ ಹಳೆಯ ಭಾಗದ ಮನೆಗೆ ಸಿ.ಟಿ.ಎಸ್. ನಂಬರ್ (ಸಿಟಿ ಸರ್ವೆಯ ಗುರುತಿನ ಸಂಖ್ಯೆ) ಇರುತ್ತದೆ, ಅದರ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ) ಮತ್ತು ನಕ್ಷೆ ಸಿಟಿ ಸರ್ವೆಯಲ್ಲಿ ಸಿಗುತ್ತದೆ. ನಿಮ್ಮದು ಎನ್‌ಎ, ಅಂದರೆ ಕೃಷಿಯೇತರ, ಪ್ಲಾಟ್ ಆಗಿದ್ದರೆ ಮಂಜೂರಾದ ಲೇಔಟ್ ನಕ್ಷೆ ಬೇಕು. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ಆದರೆ ಅಲ್ಲಿ ಕೇಳಿ. ಖರೀದಿ ಪತ್ರದ ಚಕ್ಕುಬಂದಿಯನ್ನೂ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನೂ, ಓದಿ. ಬರೀ "ಪೂರ್ವಕ್ಕೆ ಇಂಥವರ ಮನೆ" ಅಂತ ಇದೆಯೋ, ಅಡಿ ಲೆಕ್ಕ ಇದೆಯೋ, ಎರಡು ಮನೆ ನಡುವಿನ ಗೋಡೆ ಸಾಮಾಯಿಕ ಅಂತ ಇದೆಯೋ ನೋಡಿಕೊಳ್ಳಿ. ಸಾಮಾಯಿಕ ಗೋಡೆ ಆಗಿದ್ದರೆ ಅದರ ಮೇಲೆ ಇಬ್ಬರಿಗೂ ಹಕ್ಕಿರುತ್ತದೆ, ಮಾತು ಬೇರೆಯೇ ಆಗುತ್ತದೆ. ಅಳತೆಗೆ ಬರುವ ಮುಂಚೆ ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಅವರ ಎದುರಿಗೇ ಅಳೆಯಲಿ, ಅದೇ ಒಳ್ಳೆಯದು.

ಅಲ್ಲಿಯವರೆಗೆ ದಯವಿಟ್ಟು ಆ ತಗಡನ್ನು ಕೈಯಿಂದ ಮುಟ್ಟಬೇಡಿ. ಸಿಟ್ಟಿನಲ್ಲಿ ಬಗ್ಗಿಸಿದರೆ, ಕತ್ತರಿಸಿದರೆ, ನಷ್ಟ ಮಾಡಿದ ಕೇಸು ನಿಮ್ಮ ಮೇಲೆ ಬರುತ್ತದೆ. ಮಳೆ ಬರುವಾಗ ನೀರು ಬೀಳುವುದರ ವಿಡಿಯೋ ತೆಗೆದಿಡಿ. ಗೋಡೆಯ ಫೋಟೋ ತಿಂಗಳಿಗೊಂದು ಸಾಕು.

ಇನ್ನು ಪಾಲಿಕೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 321ನೇ ಕಲಂ ನಿಮಗೆ ಬೇಕಾದದ್ದು. ಅನುಮತಿ ಇಲ್ಲದೆ ಅಥವಾ ಬೈಲಾ ಮೀರಿ ಕಟ್ಟಿದ್ದಕ್ಕೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಕೊಡುತ್ತಾರೆ, ಕಟ್ಟಿದವರ ಉತ್ತರ ಕೇಳುತ್ತಾರೆ, ಉತ್ತರ ಸರಿ ಇಲ್ಲದಿದ್ದರೆ ಆದೇಶ ಖಾಯಂ ಮಾಡಿ ತೆಗೆಸಬಹುದು. ಅರ್ಜಿ ಆಯುಕ್ತರ ಹೆಸರಿಗೇ ಬರೆಯಿರಿ. ಅದರಲ್ಲಿ ಶೆಡ್ ವಿಷಯ ಮಾತ್ರ ಇರಲಿ: ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಬಿಟ್ಟಿಲ್ಲ, ಅಂಚು ಗಡಿ ದಾಟಿದೆ, ನೀರು ಹರಿಯಲು ದಾರಿ ಮಾಡಿಲ್ಲ. ರಾತ್ರಿ ಸದ್ದು, ಅವರು ಬೈದ ಮಾತು, ಇವೆಲ್ಲ ಇಲ್ಲಿ ಬೇಡ. ಒಂದೇ ಪುಟ. ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದಲ್ಲಿ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಎಷ್ಟು ಸಲ ಹೇಳಿದರೂ ಅದು ಎಲ್ಲೂ ದಾಖಲಾಗುವುದಿಲ್ಲ, ಸೀಲು ಬಿದ್ದ ಕಾಗದ ದಾಖಲಾಗುತ್ತದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಈ ಶೆಡ್‌ಗೆ ಕಟ್ಟಡ ಪರವಾನಗಿ ಕೊಟ್ಟಿದ್ದರೆ ಅದರ ನಕಲು, ನನ್ನ ಇಂಥ ತಾರೀಖಿನ ಅರ್ಜಿ ಮೇಲೆ ಏನು ಕ್ರಮ ಆಯಿತು" ಅಂತ ಕೇಳಿದರೆ ಸಾಕು. ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಹಾಕಬಹುದು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಓದುವವರಲ್ಲಿ ಕ್ಯಾಂಪ್ (ದಂಡು ಪ್ರದೇಶ) ಕಡೆಯವರು ಇದ್ದರೆ ಒಂದು ಮಾತು: ಅಲ್ಲಿ ಪಾಲಿಕೆ ಅಲ್ಲ, ಕಂಟೋನ್ಮೆಂಟ್ ಬೋರ್ಡ್. ತಪ್ಪು ಬಾಗಿಲಿಗೆ ಹೋಗಿ ತಿಂಗಳು ಕಳೆದವರನ್ನು ನೋಡಿದ್ದೇನೆ.

ನೀರಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 1882ರ ಈಸ್‌ಮೆಂಟ್ ಕಾಯ್ದೆ (ಇನ್ನೊಬ್ಬರ ಜಾಗದ ಮೇಲಿನ ಬಳಕೆಯ ಹಕ್ಕಿನ ಕಾಯ್ದೆ) ಪ್ರಕಾರ, ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಅಡ್ಡಿಯೂ ಇಲ್ಲದೆ, ಬಹಿರಂಗವಾಗಿ 20 ವರ್ಷ ಬಿಡದೆ ನಡೆದುಕೊಂಡು ಬಂದದ್ದು ಹಕ್ಕಾಗಬಹುದು. ಸೂರಿನ ನೀರು ಪಕ್ಕದ ಜಾಗಕ್ಕೆ ಬೀಳುವುದಕ್ಕೂ ಅದು ಅನ್ವಯಿಸುತ್ತದೆ. ನಿಮ್ಮ ಪಕ್ಕದವರ ಶೆಡ್ ಹೋದ ವರ್ಷದ್ದು, ಹಾಗಾಗಿ ಅವರಿಗೆ ಅಂಥ ಹಕ್ಕು ಹುಟ್ಟಿಲ್ಲ. ಆದರೆ ಅಲ್ಲಿ ಮೊದಲೂ ಒಂದು ಸೂರು ಇತ್ತಾ, ಹಳೆಯ ಮಾಲೀಕರ ಕಾಲದಲ್ಲೂ ನೀರು ಹೀಗೇ ಬೀಳುತ್ತಿತ್ತಾ ಅಂತ ಓಣಿಯ ಹಿರಿಯರನ್ನು ಕೇಳಿ. ನೀವು ಮನೆ ಕೊಂಡು ಮೂರೇ ವರ್ಷ ಆಗಿರಬಹುದು, ಆ 20 ವರ್ಷದ ಲೆಕ್ಕ ನಿಮ್ಮಿಂದ ಶುರುವಾಗುವುದಿಲ್ಲ. "ಹೋಗಲಿ ಬಿಡ್ರೀ, ನೆರೆಹೊರೆ" ಅಂತ ಸುಮ್ಮನಿರುವ ಮನಸ್ಸು ಒಳ್ಳೆಯದೇ. ಆದರೂ ಆಕ್ಷೇಪಣೆಯನ್ನು ಬರೆದು ಕೊಟ್ಟು ಸುಮ್ಮನಿರಿ.

ಸದ್ದಿನ ಮಾತಿಗೆ ಬರುತ್ತೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಗ್ರೈಂಡರ್ ಈ ಮಿತಿಯನ್ನು ಎಷ್ಟೋ ಪಟ್ಟು ದಾಟುತ್ತದೆ, ಅದಕ್ಕೆ ಯಂತ್ರ ಹಿಡಿದು ಅಳೆಯುವುದೂ ಬೇಡ. ಹತ್ತರ ಮೇಲೆ ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ. ಮರುದಿನ ಹೇಳಿದರೆ ಬಂದವರಿಗೆ ಏನೂ ಕಾಣುವುದಿಲ್ಲ. ಎರಡು ಮೂರು ಸಲ ಆದ ಮೇಲೆ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೇಳಿ ಪಡೆಯಿರಿ. "ಇದು ಸಿವಿಲ್" ಅಂತಲೇ ಹಿಂಬರಹ ಕೊಟ್ಟರೂ ಬೇಜಾರಾಗಬೇಡಿ, ಮುಂದೆ ಕೋರ್ಟಿನಲ್ಲಿ ಅದೂ ಒಂದು ದಾಖಲೆ. ವೆಲ್ಡಿಂಗ್‌ಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು, ಮನೆಗಳ ನಡುವೆ ಕೊಟ್ಟಿದ್ದಾರಾ ಅಂತ ಬೇರೆ ಅರ್ಜಿಯಲ್ಲಿ ಕೇಳಿ. ಗಣೇಶ ಹಬ್ಬದ ಸ್ಪೀಕರ್ ಮಾತು ಬೇರೆ. ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ ಹನ್ನೆರಡರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಆ ದಿನಗಳಲ್ಲಿ ನಾನಂತೂ ದೂರು ಕೊಡುವುದಿಲ್ಲ.

ಆದರೆ ಸದ್ದಿನ ಬಗ್ಗೆ ನನಗೆ ಪಾಠ ಆದದ್ದು ನಿಯಮ ಓದಿ ಅಲ್ಲ. ಅಳತೆ ಆದ ಸಂಜೆ ಓಣಿಯ ಇಬ್ಬರು ಹಿರಿಯರು ಎರಡೂ ಮನೆಯವರನ್ನು ಕಟ್ಟೆ ಮೇಲೆ ಕೂರಿಸಿದರು. ನಾವು ನೀರಿನ ಮಾತು ತೆಗೆದೆವು. ಅಷ್ಟು ಹೊತ್ತು ಸುಮ್ಮನಿದ್ದ ಕಾಕಾ ಅವರ ಹೆಂಡತಿ ಹೇಳಿದರು: "ನಿಮ್ಮ ಮಗ್ಗದ ಸಪ್ಪಳ ಹದಿನೈದು ವರ್ಷ ಕೇಳೇವಿ. ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಅಭ್ಯಾಸ ಅಡುಗೆಮನ್ಯಾಗ ಬಾಗಲಾ ಹಾಕ್ಕೊಂಡು ಮಾಡಿದಳು. ಒಂದ ದಿನಾ ಬಂದು ಅಂದೇವೇನು?" ನಮಗೆ ಮಗ್ಗದ ಸದ್ದು ಸದ್ದೇ ಅಲ್ಲ, ಅದು ಊಟ. ಮಗ್ಗ ನಿಂತರೆ ನಮಗೆ ನಿದ್ದೆ ಬರುತ್ತಿರಲಿಲ್ಲ. ಗೋಡೆಯ ಆ ಕಡೆ ಒಬ್ಬಳು ಹುಡುಗಿ ಓದುತ್ತಿದ್ದಾಳೆ ಅಂತ ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಅವತ್ತೇ ಒಂದು ಕಾಗದ ಆಯಿತು. ತಗಡಿನ ಅಂಚಿಗೆ ಅವರು ದೋಣಿ (ಸೂರಿನ ನೀರು ಹಿಡಿಯುವ ಉದ್ದನೆಯ ತೊಟ್ಟಿ) ಹಾಕಿಸಿ ಪೈಪಿನಿಂದ ನೀರನ್ನು ರಸ್ತೆಯ ಗಟಾರಕ್ಕೆ ಬಿಡುವುದು, ಅರ್ಧ ಖರ್ಚು ನಮ್ಮದು. ರಾತ್ರಿ ಹತ್ತಕ್ಕೆ ಮಗ್ಗ ಬಂದ್, ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್. ಪ್ರತಿ ಮೇ ಕೊನೆಗೆ ದೋಣಿಯ ಕಸ ತೆಗೆಯುವುದು ನಮ್ಮ ಕೆಲಸ, ಪೈಪು ಒಡೆದರೆ ಸರಿ ಮಾಡಿಸುವುದು ಅವರ ಕೆಲಸ. ಈ ಕೊನೆಯ ಸಾಲು ಬರೆಸಿದ್ದು ಹಿರಿಯರು. ಅದಿಲ್ಲದಿದ್ದರೆ ಮುಂದಿನ ಮಳೆಗೇ ಎಲೆ ಕಟ್ಟಿಕೊಂಡು ಮತ್ತೆ ಜಗಳ ಆಗುತ್ತಿತ್ತು. ನಾಲ್ಕು ಜನ ಸಹಿ ಹಾಕಿದರು.

ಇಂಥ ಮಾತುಕತೆಗೆ ನಿಮ್ಮ ಓಣಿಯಲ್ಲಿ ಹಿರಿಯರು ಸಿಗದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ, ಮನೆ ನಿಮ್ಮಲ್ಲಿನ ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಅರ್ಜಿ ಅವರೇ ಕೊಡಲಿ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದಕ್ಕೆ ಕೋರ್ಟ್ ಡಿಕ್ರಿಯ ಬೆಲೆ, ಮೇಲೆ ಅಪೀಲು ಇಲ್ಲ. ಕಟ್ಟೆ ಮೇಲೆ ಬರೆದ ನಮ್ಮ ಕಾಗದಕ್ಕೆ ಆ ಬಲ ಇರಲಿಲ್ಲ. ಇಬ್ಬರೂ ಮಾತಿಗೆ ನಿಂತರು ಅಂತ ನಡೆಯಿತು, ಅಷ್ಟೇ. ನಿಮ್ಮದು ಅಲ್ಲೇ ಆಗಲಿ ಅನ್ನುವುದು ನನ್ನ ಸಲಹೆ.

ಏನೂ ಆಗದಿದ್ದರೆ ಕೊನೆಗೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ದಾವೆ. ತಗಡು ತೆಗೆಸುವ ಆದೇಶವನ್ನೂ ಅದರಲ್ಲೇ ಕೇಳಬಹುದು. ಪಾಲಿಕೆ ನೋಟಿಸ್ ಕೊಟ್ಟ ಕೂಡಲೇ ಪಕ್ಕದವರು ಸ್ಟೇ ತರಲು ಓಡಬಹುದು, ಅದಕ್ಕೆ ಮುಂಚೆಯೇ ಕೇವಿಯಟ್, ಅಂದರೆ ನಿಮ್ಮ ಮಾತು ಕೇಳದೆ ಸ್ಟೇ ಕೊಡಬೇಡಿ ಅನ್ನುವ ಅರ್ಜಿ, ಹಾಕಿಸಿ. 90 ದಿನ ನಡೆಯುತ್ತದೆ.

ಕೊನೆಯಲ್ಲಿ ಅವರ ಮಾವಿನ ಕೊಂಬೆ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ಕಡೆ ಚಾಚಿದ್ದನ್ನು ಸವರಲು ಮೊದಲು ಅವರಿಗೇ ಹೇಳಿ. ದೊಡ್ಡ ಕೊಂಬೆ ಆದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕೊಡಲಿ ಹಾಕಬೇಡಿ. ಮರ ಬೀಳುವ ಹಾಗಿದ್ದು ಜನರಿಗೆ ಅಪಾಯ ಆಗುವಂತಿದ್ದರೆ ಉಪವಿಭಾಗಾಧಿಕಾರಿ ಅದನ್ನು ತೆಗೆಸುವ ಆದೇಶ ಕೊಡಬಹುದು. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 133ನೇ ಕಲಂ ಅನ್ನುತ್ತಿದ್ದರು, 2024ರ ಜುಲೈಯಿಂದ ಅದು ಬಿಎನ್‌ಎಸ್‌ಎಸ್ (ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152. ಗಟಾರ ಕಟ್ಟಿ ರಸ್ತೆಗೆ ನೀರು ನಿಲ್ಲಿಸಿದವರ ಮೇಲೂ ಇದೇ ಕಲಂ ನಡೆಯುತ್ತದೆ.

ಈ ವಾರ ನೀವು ಮಾಡಬೇಕಾದದ್ದು ಒಂದೇ: ಖರೀದಿ ಪತ್ರ ಹಿಡಿದು ಅಳತೆಗೆ ಅರ್ಜಿ ಹಾಕಿ. ಮಳೆ ಹಿಡಿಯುವ ಮುಂಚೆ ಅದಾದರೆ ಒಳ್ಳೆಯದು. ಚಕ್ಕುಬಂದಿಯಲ್ಲಿ ಗೋಡೆ ಬಗ್ಗೆ ಏನು ಬರೆದಿದೆ ಅಂತ ಇಲ್ಲಿ ತಿಳಿಸಿ, ಪಾಲಿಕೆಗೆ ಕೊಡುವ ಅರ್ಜಿಯ ಒಕ್ಕಣೆ ನಾನು ಬರೆದು ಹಾಕುತ್ತೇನೆ.