ಪ್ರತಿಕ್ರಿಯೆ: ವಿಶ್ವ ಕ್ರಾಸ್ ಕಂಟ್ರಿ ಶುರುವಾಗಿದ್ದು 1973ರಲ್ಲಾ?

ವಿಶ್ವ ಕ್ರಾಸ್ ಕಂಟ್ರಿ, ಅಂದ್ರೆ ಟ್ರ್ಯಾಕ್ ಬಿಟ್ಟು ಹುಲ್ಲು, ಕೆಸರು, ದಿಬ್ಬಗಳ ಮೇಲೆ ಓಡುವ ಓಟದ ವಿಶ್ವ ಚಾಂಪಿಯನ್‌ಶಿಪ್, 1973ರಲ್ಲೇ ಶುರುವಾಗಿದ್ದಾ ಅಂತ ಕೇಳಿದ್ದೀರಿ. ಇಲ್ಲ, ಅದರ ಬೇರು ಇನ್ನೂ 70 ವರ್ಷ ಹಳೇದು. 1903ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಪಾರ್ಕ್ ಕುದುರೆ ರೇಸ್ ಮೈದಾನದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ತಂಡಗಳಷ್ಟೇ ಓಡಿದವು, ಗೆದ್ದವನು ಇಂಗ್ಲೆಂಡಿನ ಆಲ್ಫ್ರೆಡ್ ಶ್ರಬ್. 1907ರಲ್ಲಿ ಫ್ರಾನ್ಸ್ ಸೇರಿಕೊಂಡಿತು. 1973ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಅದನ್ನು ಕೈಗೆ ತಗೊಂಡು ಬೆಲ್ಜಿಯಂನ ವಾರೆಗೆಮ್‌ನಲ್ಲಿ ನಡೆಸಿತು, ಅಷ್ಟೇ.

ಆಮೇಲೆ ಕೆನ್ಯಾ ಬಂತು ನೋಡಿ, 1986ರಿಂದ 2003ರವರೆಗೆ ಪುರುಷರ ತಂಡ ಪ್ರಶಸ್ತಿಯನ್ನು ಒಂದು ವರ್ಷವೂ ಯಾರಿಗೂ ಬಿಟ್ಟುಕೊಡಲಿಲ್ಲ! ಆದ್ರೂ ನನ್ನ ಪಾಲಿಗೆ ಎಲ್ಲರಿಗಿಂತ ದೊಡ್ಡವನು ಇಥಿಯೋಪಿಯಾದ ಕೆನೆನಿಸಾ ಬೆಕೆಲೆ. 2002ರಿಂದ 2006ರವರೆಗೆ ಪ್ರತಿ ವರ್ಷ ಸುಮಾರು 4 ಕಿ.ಮೀ. ಓಟವನ್ನೂ 12 ಕಿ.ಮೀ. ಓಟವನ್ನೂ ಎರಡೇ ದಿನದ ಒಳಗೆ ಗೆದ್ದ. ಸುಮ್ನೆ ಮಾತಾ ಅದು?

2011ರ ನಂತರ ಇದು ಪ್ರತಿ ವರ್ಷ ನಡೆಯುವುದಿಲ್ಲ.